ಸೀಟಿನ ಮೇಲೆ ಗೀಚಿದ ಹೆಸರು

ಅಜ್ಜೀಪುರದಲ್ಲಿ ಬಸ್ಸು ಹತ್ತಿ ಹನೂರಿಗೋ ಕೊಳ್ಳೇಗಾಲಕ್ಕೋ ಕಾಲೇಜಿಗೆ ಹೋಗುತ್ತಿದ್ದ ದಿನಗಳು ನಿಮಗೂ ನೆನಪಿರಬಹುದು. ಮುಂದಿನ ಸೀಟಿನ ಬೆನ್ನಿನ ಮೇಲೆ ಕೈವಾರದ ಮೊನೆಯಲ್ಲಿ ಗೀಚಿದ ಹೆಸರುಗಳಿರುತ್ತಿದ್ದವು. ಪಕ್ಕದಲ್ಲಿ ಒಂದು ಹೃದಯ, ಅದಕ್ಕೊಂದು ಬಾಣ. ಬಹುಪಾಲು ಹುಡುಗಿಯರ ಹೆಸರು. ಗೀಚಿದವನ ಹೆಸರು ಇರುತ್ತಿರಲಿಲ್ಲ, ಇದ್ದರೂ ಮೊದಲ ಅಕ್ಷರ ಅಷ್ಟೇ. ಆ ಹೆಸರಿನ ಹುಡುಗಿ ಬಸ್ಸು ಹತ್ತಿದರೆ ಹಿಂದಿನ ಸಾಲಿನವರು ಕೆಮ್ಮುತ್ತಿದ್ದರು. ಸೀಟು ಖಾಲಿ ಇದ್ದರೂ ಅವಳು ಕಂಬಿ ಹಿಡಿದು ನಿಂತೇ ಹೋಗುತ್ತಿದ್ದಳು.

ಅದೇ ಹೆಸರು ಶಾಲೆಯ ಗೋಡೆ ಮೇಲೆ ಬಂದರೆ ಮೇಷ್ಟ್ರು ಸುಣ್ಣ ಬಳಿಸುತ್ತಿದ್ದರು. ಸುದ್ದಿ ಮನೆಗೆ ಮುಟ್ಟಿದರೆ ಅಪ್ಪ ಕೇಳುತ್ತಿದ್ದ ಮೊದಲ ಮಾತು ಒಂದೇ: "ಊರಲ್ಲಿ ಅಷ್ಟೊಂದ್ ಹೆಣ್ಮಕ್ಳವ್ರೆ, ನಿನ್ ಹೆಸ್ರೇ ಯಾಕ್ಲಾ ಬರೆದ್ರು?"

ಬರೆದವನನ್ನು ಯಾರೂ ಹುಡುಕುತ್ತಿರಲಿಲ್ಲ. ಈಗ ಸೀಟು, ಗೋಡೆಗಳ ಜಾಗಕ್ಕೆ ಫೋನು ಬಂದಿದೆ. ಆದರೆ ನಮ್ಮ ಮನೆಗಳಲ್ಲಿ ಕೇಳುವ ಪ್ರಶ್ನೆ ಮಾತ್ರ ಹಾಗೇ ಇದೆ. ಇದು ಹೇಗೆ ಉಳಿದುಕೊಂಡಿತು ಎಂದು ಸ್ವಲ್ಪ ಹಿಂದಿನಿಂದ ನೋಡೋಣ.

ನಂಬರಿನ ಕಾಲ

ವೀರಪ್ಪನ್ ಸತ್ತದ್ದು 2004ರ ಅಕ್ಟೋಬರ್ 18ರಂದು. ನಮ್ಮ ಮನೆಗೆ ಮೊಬೈಲ್ ಬಂದದ್ದು ಅದಾದ ಮೇಲೆ. ಅಲ್ಲಿಯವರೆಗೆ ಎಸ್‌ಟಿಡಿ ಬೂತೇ ಗತಿ. ಬೂತಿನಲ್ಲಿ ಮಾತಾಡಿದ್ದು ಊರಿಗೆಲ್ಲ ಕೇಳುತ್ತಿತ್ತು. ಆದರೂ ಒಂದು ನೆಮ್ಮದಿ ಇತ್ತು. ಯಾವ ಹುಡುಗಿಗೂ ಅವಳದೇ ಅಂತ ಒಂದು ನಂಬರ್ ಇರಲಿಲ್ಲವಾದ್ದರಿಂದ ಅದು ಯಾರ ಕೈಗೂ ಸಿಗುವಂತಿರಲಿಲ್ಲ.

2009ರಲ್ಲಿ ನನ್ನ ತಂಗಿ ಪಿಯುಸಿ ಓದುತ್ತಿದ್ದಳು. ಕೊಳ್ಳೇಗಾಲದಿಂದ ಸಂಜೆ ಬಸ್ಸು ತಪ್ಪಿದರೆ ತಿಳಿಸಲಿ ಎಂದು ಅಪ್ಪ ಒಂದು ಹಳೇ ಸೆಟ್ ಕೊಡಿಸಿದ್ದರು. ಕರೆನ್ಸಿ ಹಾಕಿಸಬೇಕಾದರೆ ಅಂಗಡಿಯ ನೋಟ್ ಪುಸ್ತಕದಲ್ಲಿ ನಂಬರ್ ಬರೆಯಬೇಕಿತ್ತು. ಪುಸ್ತಕ ಮೇಜಿನ ಮೇಲೆ ಬಿಚ್ಚಿಕೊಂಡೇ ಇರುತ್ತಿತ್ತು. ಎರಡು ತಿಂಗಳೊಳಗೆ ರಾತ್ರಿ ಹೊತ್ತು ಮಿಸ್ ಕಾಲ್ ಶುರುವಾದವು, ಆಮೇಲೆ ಮೆಸೇಜು. ನಂಬರ್ ಎಲ್ಲಿಂದ ಹೋಯಿತು ಎಂದು ಇವತ್ತಿಗೂ ನಮಗೆ ಗೊತ್ತಾಗಿಲ್ಲ. ಅಪ್ಪ ಸಿಮ್ ತೆಗೆದು ಎರಡು ತುಂಡು ಮಾಡಿದರು. ನನ್ನ ಫೋನ್ ನನ್ನ ಜೇಬಿನಲ್ಲೇ ಇತ್ತು. ನಾನು ಒಂದು ಮಾತೂ ಆಡಲಿಲ್ಲ. ಆಗ ಅದು ನನಗೆ ಸರಿ ಎಂದೇ ಅನ್ನಿಸಿತ್ತು.

ಪಿಯುಸಿ ಪಾಸಾದ ಮೇಲೆ ಅವಳು ಡಿಗ್ರಿಗೆ ಸೇರಲಿಲ್ಲ. ಅದಕ್ಕೆ ಬೇರೆ ಕಾರಣಗಳೂ ಇದ್ದವು. ಆದರೆ "ದೂರದ ಕಾಲೇಜು, ಏನಾದ್ರೂ ಆದ್ರೆ?" ಎನ್ನುವ ಮಾತು ಹುಟ್ಟಿದ್ದು ಆ ಸಿಮ್ ಮುರಿದ ರಾತ್ರಿ.

ಇದು ನಮ್ಮ ಸೀಮೆಯ ಕಥೆ ಮಾತ್ರ ಆಗಿರಲಿಲ್ಲ. ಉತ್ತರ ಪ್ರದೇಶದಲ್ಲಿ ಕರೆನ್ಸಿ ಅಂಗಡಿಗಳಿಂದಲೇ ಹುಡುಗಿಯರ ನಂಬರ್ ಮಾರಾಟ ಆಗುತ್ತಿದ್ದುದು 2017ರಲ್ಲಿ ದೊಡ್ಡ ಸುದ್ದಿಯಾಯಿತು. ಹುಡುಗಿ ನೋಡಲು ಹೇಗಿದ್ದಾಳೆ ಎನ್ನುವುದರ ಮೇಲೆ ನಂಬರಿಗೆ ರೇಟು ಕಟ್ಟುತ್ತಿದ್ದರಂತೆ.

ಕಾನೂನು ಬಂದ ದಾರಿ

ಆಗ ಕಾನೂನು ಇರಲಿಲ್ಲವೇ? ಇತ್ತು. ಮಾಹಿತಿ ತಂತ್ರಜ್ಞಾನ ಕಾಯ್ದೆ, ಅಂದರೆ ಐಟಿ ಆಕ್ಟ್, 2000ರ ಅಕ್ಟೋಬರ್ 17ರಂದೇ ಜಾರಿಗೆ ಬಂದಿತ್ತು. ಅಶ್ಲೀಲ ಸಂಗತಿ ಹರಡುವುದು ಅದರ 67ನೇ ಸೆಕ್ಷನ್ ಪ್ರಕಾರ ಅಪರಾಧ. ಸೈಬರ್ ಅಪರಾಧಕ್ಕೇ ಮೀಸಲಾದ ಪೊಲೀಸ್ ಠಾಣೆ ಬೆಂಗಳೂರಿನಲ್ಲಿ 2001ರಲ್ಲಿ ಶುರುವಾಯಿತು. ಇಡೀ ರಾಜ್ಯಕ್ಕೆ ಅದೊಂದೇ ಠಾಣೆ.

2004ರಲ್ಲಿ ಚೆನ್ನೈನಲ್ಲಿ ಒಂದು ಮಹತ್ವದ ತೀರ್ಪು ಬಂತು. ಮದುವೆಗೆ ಒಪ್ಪದ ಮಹಿಳೆಯ ಫೋನ್ ನಂಬರನ್ನು ಒಬ್ಬ ಯಾಹೂ ಗುಂಪಿನಲ್ಲಿ ಕೊಳಕು ಬರಹದ ಜೊತೆ ಹಾಕಿದ್ದ. ಆಕೆಗೆ ಅಪರಿಚಿತರ ಕರೆಗಳು ಬರತೊಡಗಿದವು. ಆಕೆ ಫೆಬ್ರವರಿಯಲ್ಲಿ ದೂರು ಕೊಟ್ಟರು, ನವೆಂಬರ್‌ನಲ್ಲಿ ಅವನಿಗೆ ಶಿಕ್ಷೆಯಾಯಿತು. 67ನೇ ಸೆಕ್ಷನ್ ಅಡಿ ದೇಶದಲ್ಲಿ ಶಿಕ್ಷೆಯಾದ ಮೊದಲ ಪ್ರಕರಣ ಇದು ಎಂದು ಹೇಳುತ್ತಾರೆ. ಬಸ್ಸಿನ ಸೀಟಿನ ಮೇಲೆ ಹೆಸರು ಗೀಚುವುದಕ್ಕೂ ಇದಕ್ಕೂ ಹೆಚ್ಚು ವ್ಯತ್ಯಾಸವಿಲ್ಲ ನೋಡಿ. ಆದರೆ ಈ ಸಲ ಗೀಚಿದವನನ್ನು ಹುಡುಕಿದರು, ಹುಡುಕಿದ್ದಕ್ಕೆ ಸಿಕ್ಕಿದ.

ನಮ್ಮ ಮನೆಯಲ್ಲಿ ಸಿಮ್ ಮುರಿದ 2009ರಲ್ಲೇ ಕಾಯ್ದೆಗೆ ತಿದ್ದುಪಡಿ ಬಂತು. ಅದುವರೆಗೆ ಇಂಥ ಪ್ರಕರಣದ ತನಿಖೆಯನ್ನು ಡಿವೈಎಸ್‌ಪಿ ದರ್ಜೆಯವರೇ ಮಾಡಬೇಕಿತ್ತು. ತಿದ್ದುಪಡಿ ಅದನ್ನು ಇನ್‌ಸ್ಪೆಕ್ಟರ್ ದರ್ಜೆಗೆ ಇಳಿಸಿತು. ಕೇಳಲು ಸಣ್ಣ ವಿಷಯ. ಆದರೆ ಸಬ್ ಇನ್‌ಸ್ಪೆಕ್ಟರ್ ನಡೆಸುವ ಹಳ್ಳಿ ಠಾಣೆಗಳಲ್ಲಿ "ಇದು ನಮ್ಮ ಕೈಲಿಲ್ಲ, ಅಲ್ಲಿಗೆ ಹೋಗಿ" ಎಂಬ ಮಾತು ಬರುವುದು ಈ ನಿಯಮದಿಂದಲೇ.

ಅದೇ ತಿದ್ದುಪಡಿಯಲ್ಲಿ 66ಎ ಎಂಬ ಸೆಕ್ಷನ್ ಕೂಡ ಸೇರಿತು. ಕಿರಿಕಿರಿ ಮಾಡುವ, ಅವಮಾನಿಸುವ ಸಂದೇಶ ಕಳಿಸಿದರೆ ಮೂರು ವರ್ಷದವರೆಗೆ ಜೈಲು. ಹೆಣ್ಣುಮಕ್ಕಳಿಗೆ ಇದರಿಂದ ರಕ್ಷಣೆ ಸಿಗುತ್ತದೆ ಎಂದುಕೊಂಡವರಿದ್ದರು. 2012ರ ನವೆಂಬರ್‌ನಲ್ಲಿ ಮಹಾರಾಷ್ಟ್ರದ ಪಾಲ್ಘರ್‌ನಲ್ಲಿ ಈ ಸೆಕ್ಷನ್ ಅಡಿ ಬಂಧನವಾದವರು ಇಬ್ಬರು ಯುವತಿಯರು. ಬಾಳ್ ಠಾಕ್ರೆ ನಿಧನದ ನಂತರದ ಮುಂಬೈ ಬಂದ್ ಬಗ್ಗೆ ಒಬ್ಬಳು ಫೇಸ್‌ಬುಕ್‌ನಲ್ಲಿ ಬರೆದಿದ್ದಳು, ಇನ್ನೊಬ್ಬಳು ಲೈಕ್ ಒತ್ತಿದ್ದಳು. 2015ರ ಮಾರ್ಚ್ 24ರಂದು ಸುಪ್ರೀಂ ಕೋರ್ಟ್ ಆ ಸೆಕ್ಷನನ್ನೇ ರದ್ದು ಮಾಡಿತು.

ಈ ನಡುವೆ, ದೆಹಲಿಯ ನಿರ್ಭಯಾ ಪ್ರಕರಣದ ನಂತರ 2013ರಲ್ಲಿ ಹೆಣ್ಣುಮಕ್ಕಳನ್ನು ಹಿಂಬಾಲಿಸಿ ಕಾಡುವುದು ಪ್ರತ್ಯೇಕ ಅಪರಾಧವಾಯಿತು. ಬೀದಿಯಲ್ಲಿ ಹಿಂಬಾಲಿಸುವುದಷ್ಟೇ ಅಲ್ಲ, ಇಂಟರ್‌ನೆಟ್‌ನಲ್ಲಿ ಅವಳು ಏನು ಮಾಡುತ್ತಾಳೆ ಎಂದು ಬೆನ್ನು ಹತ್ತುವುದೂ ಅದರಲ್ಲಿ ಸೇರಿದೆ. 2024ರ ಜುಲೈ 1ರಿಂದ ಜಾರಿಯಾದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಇದು 78ನೇ ಸೆಕ್ಷನ್.

ಡೇಟಾ ಅಗ್ಗವಾದ ಮೇಲೆ

2016ರ ಸೆಪ್ಟೆಂಬರ್ 5ರಂದು ಜಿಯೋ ಶುರುವಾಯಿತು. ಅಲ್ಲಿಯವರೆಗೆ ಒಂದು ಜಿಬಿ ಡೇಟಾವನ್ನು ತಿಂಗಳೆಲ್ಲ ಜೋಪಾನ ಮಾಡುತ್ತಿದ್ದವರು ಆಮೇಲೆ ದಿನಕ್ಕೊಂದು ಜಿಬಿ ಮುಗಿಸತೊಡಗಿದರು. ಸಿಗ್ನಲ್ ಸಿಗುವ ಬಂಡೆ, ಸಿಗ್ನಲ್ ಸಿಗುವ ಜಗಲಿ ನಮ್ಮೂರುಗಳ ಹೊಸ ಹರಟೆಕಟ್ಟೆಗಳಾದವು. ಕಾಡಂಚಿನ ಎಷ್ಟೋ ಪೋಡುಗಳಿಗೆ ಅದೂ ಇರಲಿಲ್ಲ.

ಅದಕ್ಕೆ ಸರಿಯಾಗಿ ಒಂದು ವರ್ಷಕ್ಕೆ, 2017ರ ಸೆಪ್ಟೆಂಬರ್ 5ರ ರಾತ್ರಿ, ಪತ್ರಕರ್ತೆ ಗೌರಿ ಲಂಕೇಶ್ ಅವರನ್ನು ಬೆಂಗಳೂರಿನ ಅವರ ಮನೆ ಮುಂದೆ ಗುಂಡಿಟ್ಟು ಕೊಂದರು. ಆ ರಾತ್ರಿಯೇ ಸಾಮಾಜಿಕ ಜಾಲತಾಣಗಳಲ್ಲಿ ಅವರನ್ನು ಹೊಲಸಾಗಿ ಬೈದು ಸಂಭ್ರಮಿಸಿದವರಿದ್ದರು. ಸತ್ತವರ ಮನೆ ಮುಂದೆ ಚಪ್ಪಲಿ ಕಳಚಿ ನಿಲ್ಲುವ ನಮ್ಮ ಕಡೆಯವರಿಗೆ ಅದು ಅರ್ಥವಾಗದ ಸಂಗತಿ. ಹೆಸರು ಮುಚ್ಚಿಟ್ಟುಕೊಂಡವನ ನಾಲಿಗೆಗೆ ಕಡಿವಾಣವಿಲ್ಲ ಎಂದು ನಮ್ಮಂಥ ವರದಿಗಾರರಿಗೆ ಅಂದು ಗೊತ್ತಾಯಿತು.

ಅದೇ ವರ್ಷ ಹೆಸರಿನ ಬಗ್ಗೆಯೇ ಎರಡು ದೊಡ್ಡ ತೀರ್ಪುಗಳು ಬಂದವು. ಎರಡಕ್ಕೂ ಕರ್ನಾಟಕದ ನಂಟಿದೆ.

ಮೊದಲನೆಯದು ಜನವರಿಯಲ್ಲಿ ಕರ್ನಾಟಕ ಹೈಕೋರ್ಟಿನಿಂದ. ಮಗಳು ಹಿಂದೆ ಹೂಡಿದ್ದ ಪ್ರಕರಣ ರಾಜಿಯಲ್ಲಿ ಮುಗಿದಿದೆ, ಆದರೂ ಇಂಟರ್‌ನೆಟ್‌ನಲ್ಲಿ ಹುಡುಕಿದರೆ ಅವಳ ಹೆಸರು ಕೋರ್ಟ್ ಆದೇಶದೊಂದಿಗೆ ಬರುತ್ತದೆ, ಅದರಿಂದ ಅವಳ ಸಂಸಾರಕ್ಕೆ, ಮರ್ಯಾದೆಗೆ ಧಕ್ಕೆ ಎಂದು ತಂದೆಯೊಬ್ಬರು ಅರ್ಜಿ ಹಾಕಿದ್ದರು. ಹುಡುಕಾಟದಲ್ಲಿ ಹೆಸರು ಕಾಣದಂತೆ ಮಾಡಲು ಕೋರ್ಟ್ ತನ್ನ ಕಚೇರಿಗೆ ಸೂಚಿಸಿತು. ಇಂಥ ಸೂಕ್ಷ್ಮ ಪ್ರಕರಣಗಳಲ್ಲಿ ಹೆಣ್ಣುಮಗಳಿಗೆ 'ಮರೆಯಲ್ಪಡುವ ಹಕ್ಕು' ಇರಬೇಕು ಎಂಬ ಮಾತು ನಮ್ಮ ದೇಶದ ಕೋರ್ಟುಗಳಲ್ಲಿ ಕೇಳಿಬಂದ ಆರಂಭದ ತೀರ್ಪುಗಳಲ್ಲಿ ಇದು ಒಂದು. "ನಿನ್ ಹೆಸ್ರೇ ಯಾಕೆ" ಎಂದು ಕೇಳದೆ, ಹೆಸರನ್ನು ಅಳಿಸಿಕೊಡಿ ಎಂದು ಕೇಳಿದ ಅಪ್ಪ ಅವರು.

ಎರಡನೆಯದು ಆಗಸ್ಟ್ 24ರದು. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರು ಆಧಾರ್ ಪ್ರಶ್ನಿಸಿ 2012ರಲ್ಲಿ ಸುಪ್ರೀಂ ಕೋರ್ಟಿಗೆ ಹೋಗಿದ್ದರು. ಆಗಲೇ ಅವರಿಗೆ ಎಂಬತ್ತು ದಾಟಿತ್ತು. ಆ ಅರ್ಜಿಯ ವಿಚಾರಣೆಯಲ್ಲೇ ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನ ಮೂಲಭೂತ ಹಕ್ಕು ಎಂದು ಒಮ್ಮತದಿಂದ ಹೇಳಿತು. ನಿಮ್ಮ ಫೋಟೊ, ನಿಮ್ಮ ನಂಬರ್, ನಿಮ್ಮ ಹೆಬ್ಬೆಟ್ಟು ನಿಮ್ಮದು ಎನ್ನಲು ಇಂದು ಇರುವ ಆಧಾರ ಈ ತೀರ್ಪು. ಪುಟ್ಟಸ್ವಾಮಿಯವರು 2024ರ ಅಕ್ಟೋಬರ್‌ನಲ್ಲಿ ತೀರಿಕೊಂಡರು.

ಆಟದಲ್ಲಿ ಹುಡುಗಿಯ ದನಿ

2018ರ ಹೊತ್ತಿಗೆ ನಮ್ಮ ಗುಡಿ ಜಗಲಿಗಳಲ್ಲಿ ಪಬ್‌ಜಿ ಬಂತು. ನಾಲ್ಕು ಹುಡುಗರು ಒಂದೇ ಕಡೆ ಕೂತು, ನಾಲ್ಕು ಫೋನಿನಲ್ಲಿ ಒಂದೇ ಯುದ್ಧ ಮಾಡುವುದು ಸಾಮಾನ್ಯವಾಯಿತು. ಜಗಲಿಯ ಮೇಲೆ ಹುಡುಗಿಯರಿಗೆ ಮೊದಲಿನಿಂದಲೂ ಜಾಗ ಇರಲಿಲ್ಲ, ಆಟದಲ್ಲೂ ಸಿಗಲಿಲ್ಲ. ಆಡುವ ಕೆಲವರು ಹುಡುಗರ ಹೆಸರಿಟ್ಟುಕೊಂಡು ಮೈಕ್ ಬಂದ್ ಮಾಡಿ ಆಡುತ್ತಿದ್ದರು. ಕೊಳ್ಳೇಗಾಲದ ಕಾಲೇಜು ಹುಡುಗಿಯೊಬ್ಬಳು ನನಗೆ ಹೇಳಿದ್ದು: "ಮಾತಾಡಿದ್ರೆ ಗೊತ್ತಾಗ್ಬಿಡುತ್ತೆ ಅಣ್ಣ. ಗೊತ್ತಾದ್ರೆ ಒಬ್ಬ ನಂಬರ್ ಕೇಳ್ತಾನೆ, ಕೊಡ್ದಿದ್ರೆ ಎಲ್ರೂ ಸೇರ್ಕೊಂಡು ಬೈತಾರೆ."

ಇದು ನಮ್ಮಲ್ಲೇ ಹುಟ್ಟಿದ ರೋಗವೂ ಅಲ್ಲ. 2014ರಲ್ಲಿ ಅಮೆರಿಕದಲ್ಲಿ ಗೇಮರ್‌ಗೇಟ್ ಎಂಬ ಹೆಸರಿನಲ್ಲಿ ವಿಡಿಯೊ ಆಟ ತಯಾರಿಸುವ, ಅದರ ಬಗ್ಗೆ ಬರೆಯುವ ಹೆಂಗಸರ ಮೇಲೆ ಸಾವಿರಾರು ಜನ ಮುಗಿಬಿದ್ದರು. ಕೊಲೆ, ಅತ್ಯಾಚಾರದ ಬೆದರಿಕೆ ಹಾಕಿದರು, ಮನೆ ವಿಳಾಸ ಬಯಲು ಮಾಡಿದರು. ಕೆಲವರು ಮನೆ ಬಿಟ್ಟು ಬೇರೆಡೆ ಉಳಿಯಬೇಕಾಯಿತು.

2020ರಲ್ಲಿ ಕೊರೊನಾ ಬಂದು ಶಾಲೆ ಮುಚ್ಚಿದಾಗ ಒಂದು ಮನೆಗೆ ಒಂದೇ ಸ್ಮಾರ್ಟ್‌ಫೋನ್ ಎಂಬ ಸತ್ಯ ಬೀದಿಗೆ ಬಂತು. ಫೋನಿಲ್ಲದ ಮಕ್ಕಳಿಗಾಗಿ ಸರ್ಕಾರ 'ವಿದ್ಯಾಗಮ' ಮಾಡಿ ಮೇಷ್ಟ್ರುಗಳನ್ನು ಊರೂರಿಗೆ ಕಳಿಸಿತು. ನಾನು ಕಂಡ ಮನೆಗಳಲ್ಲಿ ಫೋನು ಅಣ್ಣನ ಬಳಿ ಇರುತ್ತಿತ್ತು, ತಂಗಿಗೆ ಪಾಠದ ಹೊತ್ತಿಗೆ ಮಾತ್ರ ಸಿಗುತ್ತಿತ್ತು. 2019-20ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಲೆಕ್ಕವೂ ಇದನ್ನೇ ಹೇಳುತ್ತದೆ. ಕರ್ನಾಟಕದಲ್ಲಿ ಒಮ್ಮೆಯಾದರೂ ಇಂಟರ್‌ನೆಟ್ ಬಳಸಿದವರು ಗಂಡಸರಲ್ಲಿ ನೂರಕ್ಕೆ 62, ಹೆಂಗಸರಲ್ಲಿ 35.

ಪಬ್‌ಜಿಯನ್ನು ಕೇಂದ್ರ ಸರ್ಕಾರ 2020ರ ಸೆಪ್ಟೆಂಬರ್ 2ರಂದು ನಿಷೇಧಿಸಿತು. ಮರುವರ್ಷ ಅದು ಬೇರೆ ಹೆಸರಿನಲ್ಲಿ ಬಂತು. 2021ರಲ್ಲಿ ಕರ್ನಾಟಕ ಸರ್ಕಾರ ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದಿತು. 2022ರ ಫೆಬ್ರವರಿ 14ರಂದು ಹೈಕೋರ್ಟ್ ಅದರ ಮುಖ್ಯ ಭಾಗಗಳನ್ನು ರದ್ದು ಮಾಡಿತು. 2025ರ ಆಗಸ್ಟ್‌ನಲ್ಲಿ ಸಂಸತ್ತು ಇಡೀ ದೇಶಕ್ಕೆ ಹಣದಾಟ ನಿಷೇಧದ ಕಾಯ್ದೆ ಮಾಡಿತು. ರಮ್ಮಿಯಲ್ಲಿ ಹೊಲ ಕಳೆದುಕೊಂಡವರನ್ನು ಕಂಡ ನಮಗೆ ಇದರ ಅಗತ್ಯ ಗೊತ್ತು. ಆದರೆ ಇಷ್ಟು ವರ್ಷದ ಈ ಚರ್ಚೆಯೆಲ್ಲ ದುಡ್ಡಿನ ಸುತ್ತ ನಡೆಯಿತು. ಮೈಕ್ ಬಂದ್ ಮಾಡಿಕೊಂಡು ಆಡುವ ಹುಡುಗಿಯ ಮಾತು ಅದರಲ್ಲಿ ಬರಲಿಲ್ಲ.

ಪೆನ್‌ಡ್ರೈವ್

2024ರ ಏಪ್ರಿಲ್‌ನಲ್ಲಿ, ಲೋಕಸಭೆ ಚುನಾವಣೆಯ ಮತದಾನಕ್ಕೆ ಕೆಲವೇ ದಿನ ಇರುವಾಗ, ಹಾಸನದಲ್ಲಿ ಪೆನ್‌ಡ್ರೈವ್‌ಗಳು ಹರಿದಾಡಿದವು. ಆಗ ಅಲ್ಲಿನ ಸಂಸದರಾಗಿದ್ದ ಪ್ರಜ್ವಲ್ ರೇವಣ್ಣ ಮೇಲಿನ ಲೈಂಗಿಕ ದೌರ್ಜನ್ಯದ ಆರೋಪಗಳು ಹೊರಬಂದದ್ದು ಹೀಗೆ. ಆದರೆ ಆ ವಿಡಿಯೊಗಳಲ್ಲಿ ಹೆಂಗಸರ ಮುಖ ಮಸುಕು ಮಾಡಿರಲಿಲ್ಲ. ಎರಡೇ ದಿನದಲ್ಲಿ ಅವು ಪೆನ್‌ಡ್ರೈವ್‌ನಿಂದ ವಾಟ್ಸ್‌ಆ್ಯಪ್‌ಗೆ, ಅಲ್ಲಿಂದ ಊರೂರಿಗೆ ಬಂದವು. ಕೆಲವು ಹೆಂಗಸರು ಮನೆಗೆ ಬೀಗ ಹಾಕಿ ಊರು ಬಿಟ್ಟರು ಎಂದು ಪತ್ರಿಕೆಗಳು ಬರೆದವು. ಇಂಥ ವಿಡಿಯೊ ಹಂಚುವುದು ಅಪರಾಧ ಎಂದು ವಿಶೇಷ ತನಿಖಾ ತಂಡ ಎಚ್ಚರಿಕೆ ಕೊಡಬೇಕಾಯಿತು.

ನಾನಿರುವ ಒಂದು ಗ್ರೂಪಿಗೂ ಅದು ಬಂತು. ನಾನು ತೆರೆಯದೆ ಅಳಿಸಿದೆ. ಆದರೆ "ಇದನ್ನ ಹಾಕ್ಬೇಡಿ, ಇವರು ಯಾರದೋ ತಾಯಿ" ಎಂದು ಗ್ರೂಪಿನಲ್ಲಿ ಬರೆಯಲಿಲ್ಲ. 2009ರಲ್ಲಿ ಬಾಯಿ ಬಿಡದವನು 2024ರಲ್ಲೂ ಬಿಡಲಿಲ್ಲ.

ಪ್ರಕರಣಗಳಲ್ಲಿ ಒಂದು 2025ರ ಆಗಸ್ಟ್‌ನಲ್ಲಿ ತೀರ್ಪಿಗೆ ಬಂತು. ಆಗಸ್ಟ್ 1ರಂದು ವಿಶೇಷ ನ್ಯಾಯಾಲಯ ಪ್ರಜ್ವಲ್ ತಪ್ಪಿತಸ್ಥ ಎಂದಿತು, ಮರುದಿನ ಜೀವಾವಧಿ ಶಿಕ್ಷೆ ವಿಧಿಸಿತು. ಎದುರು ನಿಂತು ಸಾಕ್ಷಿ ಹೇಳಿದ್ದು ಮನೆಗೆಲಸ ಮಾಡುತ್ತಿದ್ದ ಒಬ್ಬ ಹೆಂಗಸು. ಅವರ ಹೆಸರು ನಾವು ಬರೆಯುವಂತಿಲ್ಲ. ಸಂತ್ರಸ್ತೆಯ ಗುರುತು ಬಯಲು ಮಾಡುವುದು ಕಾನೂನಿನಲ್ಲಿ ಅಪರಾಧ. ಪತ್ರಿಕೆಗೆ ಅನ್ವಯಿಸುವ ಆ ನಿಯಮ ವಾಟ್ಸ್‌ಆ್ಯಪ್ ಗ್ರೂಪಿಗೂ ಅನ್ವಯಿಸುತ್ತದೆ.

43 ಅಕೌಂಟ್

ಅದೇ 2024ರ ಜೂನ್‌ನಲ್ಲಿ ಚಿತ್ರದುರ್ಗದ ರೇಣುಕಾಸ್ವಾಮಿ ಕೊಲೆಯಾಯಿತು. ನಟಿ ಪವಿತ್ರಾ ಗೌಡ ಅವರಿಗೆ ಆತ ಇನ್‌ಸ್ಟಾಗ್ರಾಮ್‌ನಲ್ಲಿ ಅಶ್ಲೀಲ ಮೆಸೇಜು ಕಳಿಸಿದ್ದ, ಅದಕ್ಕಾಗಿ ಕರೆತಂದು ಹೊಡೆದು ಕೊಂದರು ಎಂಬುದು ಪೊಲೀಸರ ಆರೋಪ. ನಟ ದರ್ಶನ್ ಸೇರಿ 17 ಮಂದಿ ಆರೋಪಿಗಳು. ಸತ್ಯ ಏನೆಂದು ನ್ಯಾಯಾಲಯವೇ ಹೇಳಬೇಕು. ಆದರೆ ನಮ್ಮ ಚಹಾ ಅಂಗಡಿಗಳಲ್ಲಿ "ಅಂಥೋನಿಗೆ ಹಂಗೇ ಆಗ್ಬೇಕು" ಎಂದವರೇ ಹೆಚ್ಚು. ಕೆಟ್ಟ ಮೆಸೇಜಿಗೆ ಉತ್ತರ ಠಾಣೆಯಲ್ಲಿ ಸಿಗುತ್ತದೆ ಎಂಬ ನಂಬಿಕೆಯೇ ಇಲ್ಲದ ಕಡೆ ಇಂಥ ಮಾತು ಸುಲಭವಾಗಿ ಬರುತ್ತದೆ.

ಮರುವರ್ಷ ಜುಲೈನಲ್ಲಿ, ನಟಿ ಹಾಗೂ ಮಂಡ್ಯದ ಮಾಜಿ ಸಂಸದೆ ರಮ್ಯಾ ಅವರು ಈ ಪ್ರಕರಣದಲ್ಲಿ ರೇಣುಕಾಸ್ವಾಮಿ ಕುಟುಂಬಕ್ಕೆ ನ್ಯಾಯ ಸಿಗಲಿ ಎಂಬ ಅರ್ಥದಲ್ಲಿ ಬರೆದುಕೊಂಡರು. ಅವರ ಮೇಲೆ ಬೈಗುಳ, ಅತ್ಯಾಚಾರದ ಬೆದರಿಕೆಗಳ ಮಳೆ ಸುರಿಯಿತು. ಜುಲೈ 28ರಂದು ಅವರು ಬೆಂಗಳೂರು ಪೊಲೀಸ್ ಆಯುಕ್ತರ ಕಚೇರಿಗೆ ಹೋಗಿ 43 ಅಕೌಂಟ್‌ಗಳ ಪಟ್ಟಿ ಕೊಟ್ಟು ದೂರಿತ್ತರು. ಕೆಲವೇ ದಿನಗಳಲ್ಲಿ ಬಂಧನ ಶುರುವಾಯಿತು. ಕಾಲ್ಪನಿಕ ಹೆಸರು, ನಾಯಕನ ಫೋಟೊ ಹಾಕಿಕೊಂಡ ಅಕೌಂಟ್‌ಗಳ ಹಿಂದೆ ಇದ್ದವರು ನಮ್ಮ ನಿಮ್ಮಂಥ ಊರಿನ ಹುಡುಗರು.

ಹಿಂದೆ, 2023ರ ನವೆಂಬರ್‌ನಲ್ಲಿ, ಕೊಡಗಿನ ರಶ್ಮಿಕಾ ಮಂದಣ್ಣ ಅವರ ಮುಖವನ್ನು ಬೇರೊಬ್ಬರ ವಿಡಿಯೊಗೆ ಅಂಟಿಸಿ ಹರಡಿದಾಗಲೂ ಹೀಗೇ ಆಯಿತು. ದೆಹಲಿ ಪೊಲೀಸರು ಎರಡು ತಿಂಗಳಲ್ಲಿ ಆಂಧ್ರದಲ್ಲಿ ಆರೋಪಿಯನ್ನು ಹಿಡಿದರು.

ಇವೆರಡರಿಂದ ಒಂದು ವಿಷಯ ಖಚಿತವಾಯಿತು. ಫೇಕ್ ಅಕೌಂಟ್ ಹಿಂದೆ ಇರುವವನು ಸಿಗುವುದಿಲ್ಲ ಎನ್ನುವುದು ಸುಳ್ಳು. ಹುಡುಕಿದರೆ ಸಿಗುತ್ತಾನೆ. ದೊಡ್ಡ ಹೆಸರಿನವರಿಗೆ ಹುಡುಕಿಕೊಡುತ್ತಾರೆ. ನಮ್ಮೂರಿನ ಹುಡುಗಿಗೆ?

ನಮ್ಮೂರಿನಿಂದ ಠಾಣೆಗೆ

ನಮ್ಮ ಜಿಲ್ಲೆಯ ಸೈಬರ್ ಅಪರಾಧಗಳ ಸೆನ್ ಠಾಣೆ ಇರುವುದು ಚಾಮರಾಜನಗರದಲ್ಲಿ. ಅಜ್ಜೀಪುರದವರು ಹನೂರು, ಕೊಳ್ಳೇಗಾಲ, ಯಳಂದೂರು ದಾಟಿ ಹೋಗಬೇಕು. ಒಂದು ದಿನದ ಕೂಲಿ ಹೋಗುತ್ತದೆ, ಬಸ್ಸಿಗೆ ಶಕ್ತಿ ಯೋಜನೆ ಇದ್ದರೂ ಜೊತೆಗೆ ಬರುವ ಅಪ್ಪನಿಗೆ ಟಿಕೆಟ್ ಇದೆ. ಅಲ್ಲಿ ಗೊತ್ತಿಲ್ಲದ ಗಂಡಸರ ಮುಂದೆ ಆ ಫೋಟೊ ತೋರಿಸಬೇಕು. ಕೆಳಜಾತಿಯ, ಸೋಲಿಗರ ಹುಡುಗಿಯಾದರೆ ಠಾಣೆಯ ಮೆಟ್ಟಿಲೇ ಇನ್ನೂ ಎತ್ತರ. ಇಷ್ಟಕ್ಕೆ ಹೆದರಿ ಮನೆಯವರು ಅಗ್ಗದ ದಾರಿ ಹಿಡಿಯುತ್ತಾರೆ. ಅವಳ ಫೋನ್ ಕಿತ್ತಿಡುತ್ತಾರೆ. ಫೋನಿನ ಜೊತೆ ಅವಳ ಸ್ಕಾಲರ್‌ಶಿಪ್ ಅರ್ಜಿ, ಓಟಿಪಿ, ಪರೀಕ್ಷೆಯ ಪಾಠ, ಗೆಳತಿಯರು ಎಲ್ಲ ಹೋಗುತ್ತವೆ. ಫೋಟೊ ಹರಡಿದವನ ಫೋನ್ ಚಾರ್ಜ್ ಆಗುತ್ತಲೇ ಇರುತ್ತದೆ.

ಹಾಗಾಗಿ ಇವಿಷ್ಟು ಗೊತ್ತಿರಲಿ.

ಯಾವುದನ್ನೂ ಗಾಬರಿಯಲ್ಲಿ ಅಳಿಸಬೇಡಿ. ಮೆಸೇಜು, ಅಕೌಂಟಿನ ಹೆಸರು, ಲಿಂಕು, ದಿನಾಂಕ ಕಾಣುವಂತೆ ಸ್ಕ್ರೀನ್‌ಶಾಟ್ ತೆಗೆಯಿರಿ. ಅದೇ ಸಾಕ್ಷಿ.

2024ರ ಜುಲೈನಿಂದ ಜಾರಿಯಲ್ಲಿರುವ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಸೆಕ್ಷನ್ ಪ್ರಕಾರ ಅಪರಾಧ ಎಲ್ಲೇ ನಡೆದಿರಲಿ, ಯಾವ ಠಾಣೆಯಲ್ಲಾದರೂ ದೂರು ಕೊಡಬಹುದು. ಇದನ್ನೇ ಜೀರೋ ಎಫ್‌ಐಆರ್ ಎನ್ನುವುದು. ತನಿಖೆ ಇನ್‌ಸ್ಪೆಕ್ಟರ್ ಮಾಡಲಿ, ದೂರು ಹತ್ತಿರದ ಠಾಣೆಯಲ್ಲೇ ಕೊಡಿ.

ಸೈಬರ್‌ಕ್ರೈಮ್ ಡಾಟ್ ಜಿಓವಿ ಡಾಟ್ ಇನ್ ಎಂಬ ಸರ್ಕಾರಿ ಜಾಲತಾಣದಲ್ಲಿ ಮನೆಯಿಂದಲೇ ದೂರು ಹಾಕಬಹುದು. ಹೆಣ್ಣುಮಕ್ಕಳ, ಮಕ್ಕಳ ಅಶ್ಲೀಲ ಚಿತ್ರಗಳ ಬಗ್ಗೆ ಹೆಸರು ಹೇಳದೆಯೂ ತಿಳಿಸಬಹುದು. ಹಣ ಹೋಗಿದ್ದರೆ ತಕ್ಷಣ 1930ಕ್ಕೆ ಕರೆ ಮಾಡಿ. ಮಹಿಳೆಯರ ಸಹಾಯವಾಣಿ 181, ಮಕ್ಕಳದು 1098.

ಬೆತ್ತಲೆ ಚಿತ್ರ, ತಿರುಚಿದ ಫೋಟೊ, ನಿಮ್ಮ ಹೆಸರಿನ ಫೇಕ್ ಅಕೌಂಟ್ ಬಗ್ಗೆ ನೀವು ಫೇಸ್‌ಬುಕ್, ಇನ್‌ಸ್ಟಾಗ್ರಾಮ್‌ನಂಥ ಕಂಪನಿಗೆ ದೂರಿತ್ತರೆ ಅದನ್ನು ಬೇಗ ತೆಗೆಯಲೇಬೇಕು. 2021ರ ಐಟಿ ನಿಯಮಗಳು ಇದಕ್ಕೆ 24 ಗಂಟೆಯ ಗಡುವು ಹಾಕಿದವು.

ಇನ್ನೊಂದು ಮಾತು ಅಣ್ಣ-ತಮ್ಮಂದಿರಿಗೆ. ನಿಮ್ಮ ಯುವಕರ ಸಂಘದ, ಅಭಿಮಾನಿ ಬಳಗದ ಗ್ರೂಪಿನಲ್ಲಿ ಯಾರಾದರೂ ಹೆಣ್ಣುಮಗಳ ಫೋಟೊ ಹಾಕಿದರೆ, ಹಾಕಿದವನ ಹೆಸರು ಹಿಡಿದು ಅಲ್ಲೇ ಕೇಳಿ. ಇಷ್ಟು ವರ್ಷ ನಾನು ಮಾಡದೇ ಉಳಿದ ಕೆಲಸ ಅದು.

ನನ್ನ ತಂಗಿಗೆ ಈಗ ಇಬ್ಬರು ಮಕ್ಕಳು. ಸ್ತ್ರೀಶಕ್ತಿ ಸಂಘದ ಲೆಕ್ಕ ಬರೆಯುತ್ತಾಳೆ, ಫೋನಿನಲ್ಲೇ ಹಣ ಕಳಿಸುತ್ತಾಳೆ. ಅವಳ ವಾಟ್ಸ್‌ಆ್ಯಪ್ ಡಿಪಿಯಲ್ಲಿ ಒಂದು ಗುಲಾಬಿ ಹೂವಿದೆ. ನಿಮ್ಮ ಫೋನ್ ತೆಗೆದು ನೋಡಿ. ನಿಮ್ಮ ಊರಿನ ಹೆಂಗಸರ ಡಿಪಿಗಳಲ್ಲಿ ಎಷ್ಟು ಹೂವು, ಎಷ್ಟು ಮಾದಪ್ಪ, ಎಷ್ಟು ಕೂಸುಗಳಿವೆ ಎಂದು ಎಣಿಸಿ. ಮುಖ ಎಷ್ಟಿವೆ ಎಂದೂ ಎಣಿಸಿ.

ಈ ಲೇಖನ ಬರೆಯುವ ಮುಂಚೆ ಅವಳ ಕಥೆ ಬರೆಯಲೇ ಎಂದು ಕೇಳಿದೆ. "ಬರಿ ಅಣ್ಣ, ಹೆಸರು ಮಾತ್ರ ಹಾಕ್ಬೇಡ" ಎಂದಳು. ಡಿಪಿಗೆ ಒಂದು ಒಳ್ಳೆ ಫೋಟೊ ತೆಗೆದುಕೊಡಲಾ ಎಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಹೂವೇ ಇರ್ಲಿ ಬುಡು" ಎಂದಳು.